ಲಂಬೂ ರಾತ್ರಿ ಬರೆಯೋದು ಯಾರಿಗಾಗಿ?

ಪ್ರಾಯದ ಹುಡುಗಿ ದಿಂಬಿನಡಿ ಡೈರಿ ಬಚ್ಚಿಡೋದನ್ನ ಸಿನಿಮಾದಲ್ಲಿ ಬೇಕಾದಷ್ಟು ಸಲ ನೋಡಿದ್ದೀರಿ. ಆದರೆ ಮೀಸೆ ನರೆತ ಗಂಡಸು ತನ್ನ ಡೈರಿಯನ್ನು ಊರೆಲ್ಲ ಓದಲಿ ಅಂತ ಇಂಟರ್‌ನೆಟ್ಟಿನಲ್ಲಿ ಬರೆದರೆ? 'ಮಾಡೋಕೆ ಬೇರೆ ಕೆಲಸ ಇಲ್ವಾ?' ಅಂತೀರಿ, ಅಲ್ಲವೇ?

ಹಾಗಾದರೆ ಕೇಳಿ. ಕೈತುಂಬ ಕೆಲಸವಿದ್ದೂ ಬರೆಯುವ ಒಬ್ಬರಿದ್ದಾರೆ. ಅವರೇ ಅಮಿತಾಭ್ ಬಚ್ಚನ್! 2008ರ ಏಪ್ರಿಲ್ 17ರಂದು, 65ನೇ ವಯಸ್ಸಿನಲ್ಲಿ ಬ್ಲಾಗ್ ಶುರು ಮಾಡಿದರು. ದಿನ ಒಂದು, ದಿನ ಎರಡು ಅಂತ ನಂಬರ್ ಹಾಕುತ್ತಾ ಹೊರಟವರು 6000 ದಾಟಿಸಿದ್ದಾರೆ. ಎಷ್ಟೋ ಸಲ ಬರೆದು ಮುಗಿಸುವಾಗ ನಡುರಾತ್ರಿ ಕಳೆದಿರುತ್ತೆ.

ಯಾಕೆ ಸ್ವಾಮೀ ಈ ಉಸಾಬರಿ? ನನಗೆ ತೋಚಿದ್ದು ಹೇಳ್ತೀನಿ.

ಒಂದು, ತನ್ನ ಮಾತು ತನ್ನ ಬಾಯಲ್ಲೇ ಬರಲಿ ಅನ್ನೋ ಹಟ. 1975ರ ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಗಳ ಬಾಯಿ ಕಟ್ಟಿಸಿದ್ದರಲ್ಲಿ ಇವರ ಕೈವಾಡವಿದೆಯೆಂದು ಶಂಕಿಸಿ ಮುಂಬಯಿಯ ಕೆಲವು ಸಿನಿಮಾ ಪತ್ರಿಕೆಗಳು ಇವರನ್ನು ವರ್ಷಗಟ್ಟಲೆ ಬಹಿಷ್ಕರಿಸಿದ್ದವು. ಆ ಮಾತನ್ನು ಅಮಿತಾಭ್ ಅಲ್ಲಗಳೆದಿದ್ದಾರೆ. ನಮ್ಮಂಥ ಪತ್ರಿಕೆಯವರ ಕೈಗೆ ಸಿಕ್ಕ ಮಾತು ಏನೇನು ರೂಪ ತಾಳುತ್ತೆ ಅಂತ ಬಲ್ಲವರಿಗೆ ಸ್ವಂತ ಪುಟದ ಬೆಲೆ ಗೊತ್ತು!

ಎರಡು, ಅಪ್ಪನ ಬಳುವಳಿ. ಕವಿ ಹರಿವಂಶರಾಯ್ ಬಚ್ಚನ್ ನಾಲ್ಕು ಸಂಪುಟಗಳಲ್ಲಿ ಆತ್ಮಕಥೆ ಬರೆದವರು. 1991ರ ಸರಸ್ವತಿ ಸಮ್ಮಾನ್ ಸಂದದ್ದು ಅದಕ್ಕೇ.

ಮೂರನೆಯದು ಋಣ. 1982ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ 'ಕೂಲಿ' ಚಿತ್ರದ ಹೊಡೆದಾಟದಲ್ಲಿ ಹೊಟ್ಟೆಗೆ ಪೆಟ್ಟು ಬಿದ್ದು ಸಾವಿನ ಬಾಗಿಲು ತಟ್ಟಿ ಬಂದರಲ್ಲ, ಆಗ ಮುಖ ನೋಡದ ಜನ ಹರಕೆ ಹೊತ್ತರು. ಮುಂಬಯಿ ಆಸ್ಪತ್ರೆಯಲ್ಲಿ ಜೀವ ಮರಳಿದ ಆಗಸ್ಟ್ 2 ಅವರಿಗೆ ಎರಡನೇ ಹುಟ್ಟುಹಬ್ಬ. ಈಗ ಬ್ಲಾಗಿನ ಓದುಗರನ್ನು ಅವರು ಕರೆಯೋದು 'ಎಕ್ಸ್‌ಟೆಂಡೆಡ್ ಫ್ಯಾಮಿಲಿ' ಅಂತ. ಆ ಓದುಗರ ಹುಟ್ಟುಹಬ್ಬಕ್ಕೆ ಹೆಸರು ಹಿಡಿದು ಶುಭಾಶಯ ಬರೀತಾರೆ!

ಸ್ಟಾರ್‌ಗಳ ಮಾತು ಬಿಡಿ, ನಮ್ಮಂಥವರಿಗೇನು ಲಾಭ ಅಂತೀರಾ? ನನ್ನ ಗೆಳೆಯನೊಬ್ಬ ನೈಟ್ ಸರ್ವೀಸ್ ಬಸ್ ಕಂಡಕ್ಟರ್. ಅಪ್ಪ ತೀರಿಕೊಂಡ ಮೇಲೆ ಹಾಲ್ಟ್ ಆದ ಊರಲ್ಲಿ ಕೂತು, ಬೇರೆ ಹೆಸರಿಟ್ಟುಕೊಂಡು, ಮೊಬೈಲಿನಲ್ಲಿ ಬರೀತಾನೆ.

'ಓದೋರು ಎಷ್ಟು ಜನಾನೋ?'

'ಏಳು ಜನ. ಮನೇವ್ರು ಒಬ್ರೂ ಇಲ್ಲ.'

'ಮನೇಲೇ ಹೇಳ್ಕೋಬಾರ್ದಾ?'

'ಅವ್ರು ನನ್ನ ನೋಡಿ ಧೈರ್ಯ ತಗೊಂಡಿದಾರೆ ಗುರೂ. ನಾನೇ ಅತ್ರೆ?'

ನನ್ನ ಬಳಿ ಉತ್ತರ ಇರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಬಳಿ ಒಂದಿಷ್ಟು ಇದೆ. ಅವರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನಸ್ಸಿಗಾದ ಗಾಯವನ್ನು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬಿಚ್ಚಿ ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಬಳಿ ಹೋದದ್ದು ಕಮ್ಮಿ. ಅವರು ಬರೆದದ್ದು ಬರೀ ಕಾಗದದ ಮೇಲೆ. ನನ್ನ ಗೆಳೆಯನಿಗೆ ಅದರ ಜೊತೆ 'ನಾನೂ ಅಪ್ಪನ್ನ ಕಳ್ಕೊಂಡಿದೀನಿ' ಅನ್ನೋ ಏಳು ಜನರೂ ಸಿಕ್ಕಿದ್ದಾರೆ.

ಹೀಗಾಗಿ ತಮ್ಮಂದಿರಾ, ಮನೆಯಲ್ಲಿ ಅಪ್ಪನೋ ಅಣ್ಣನೋ ಸರಿರಾತ್ರಿಯಲ್ಲಿ ಒಬ್ಬರೇ ಕೂತು ಏನೋ ಬರೀತಿದ್ದರೆ ನಗಬೇಡಿ, ಇಣುಕಲೂ ಬೇಡಿ. ಬೆಳಿಗ್ಗೆ ಒಂದು ಕಪ್ ಕಾಫಿ ಹಿಡಿದು ಪಕ್ಕದಲ್ಲಿ ಕೂತ್ಕೊಳ್ಳಿ. ಎಂಟನೆಯವರು ನೀವಾಗಬಹುದು!