ಪರೀಕ್ಷೆಯ ಊರು ಯಾವುದಾಗಲಿ?

ನಿಮ್ಮ ಮನೆಯ ಮಕ್ಕಳು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ‘ಕ್ಲಾಟ್’ ಪ್ರವೇಶ ಪರೀಕ್ಷೆಗೆ ಅರ್ಜಿ ತುಂಬುತ್ತಿದ್ದರೆ, ಪರೀಕ್ಷಾ ಕೇಂದ್ರದ ಅಂಕಣದಲ್ಲಿ ಸ್ವಲ್ಪ ನಿಲ್ಲಿ. ನಮ್ಮ ಕಾಸರಗೋಡಿನ ಕೆಲವರಿಗೆ ಇಲ್ಲೊಂದು ಅಂಜಿಕೆ. ಮಂಗಳೂರಿನಲ್ಲಿ ಬರೆದರೆ ಕೇರಳದವರೆಂಬ ಹಕ್ಕು ತಪ್ಪೀತೇ? ತಪ್ಪುವುದಿಲ್ಲ. ಅಭ್ಯರ್ಥಿ ಯಾವ ರಾಜ್ಯದವರೆಂಬುದನ್ನು ಪ್ರಮಾಣಪತ್ರ ಹೇಳುತ್ತದೆ, ಕುಳಿತು ಬರೆದ ಬೆಂಚು ಹೇಳುವುದಿಲ್ಲ.

ಆದುದರಿಂದ ಗಡಿಯನ್ನು ಬಿಟ್ಟು ದಾರಿಯನ್ನು ನೋಡಿ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಕಣ್ಣೂರಿಗೆ 90ರ ಆಸುಪಾಸು, ಕೋಳಿಕ್ಕೋಡಿಗೆ 180. ಆ ವರ್ಷದ ಪಟ್ಟಿಯಲ್ಲಿ ಮಂಗಳೂರು ಇದ್ದರೆ ಅದನ್ನೇ ಮೊದಲು ಬರೆಯಿರಿ. ಮೊದಲು ಕೇಳಿದ ಊರೇ ಸಿಗುತ್ತದೆಂಬ ಭರವಸೆಯಿಲ್ಲ, ಎರಡನೆಯದನ್ನೂ ಯೋಚಿಸಿಯೇ ತುಂಬಿ.

ದೂರಕ್ಕೆ ಇಷ್ಟೇಕೆ ಲೆಕ್ಕ ಎನ್ನುವಿರಾ? 2025ರ ಡಿಸೆಂಬರ್ 7ರ ಪರೀಕ್ಷೆಯಲ್ಲಿ 120 ನಿಮಿಷಕ್ಕೆ 120 ಪ್ರಶ್ನೆಗಳಿದ್ದವು. ಉದ್ದುದ್ದದ ಇಂಗ್ಲಿಷ್ ಭಾಗಗಳನ್ನು ಓದಿ ಉತ್ತರಿಸಬೇಕು, ಒಂದು ತಪ್ಪಿಗೆ ಕಾಲು ಅಂಕ ಕಡಿತ. ರಾತ್ರಿಯೆಲ್ಲ ನಿದ್ದೆಗೆಟ್ಟು ಪ್ರಯಾಣ ಮಾಡಿದವರು ಅದೇ ಸಾಲನ್ನು ಎರಡೆರಡು ಸಲ ಓದುತ್ತಾರೆ. ಅಂದಿನ ಪರೀಕ್ಷೆ ಮಧ್ಯಾಹ್ನ 2ರಿಂದ 4ರ ತನಕ ಇತ್ತು. ಅಂಥ ಹೊತ್ತಿಗಾದರೆ ಮಂಗಳೂರಿಗೆ ಬೆಳಿಗ್ಗೆ ಮನೆಯಲ್ಲಿ ತಿಂಡಿ ತಿಂದೇ ಹೊರಡಬಹುದು. ಕೋಳಿಕ್ಕೋಡಿಗಾದರೆ ಹಿಂದಿನ ದಿನವೇ ಹೋಗಿ ತಂಗುವುದು ಲೇಸು; ಕೋಣೆಯ ಬಾಡಿಗೆಯನ್ನೂ ಖರ್ಚಿಗೆ ಸೇರಿಸಿಕೊಳ್ಳಿ.

ಆ ದಿನ ಆದಿತ್ಯವಾರವಾಗಿತ್ತು. ಆದಿತ್ಯವಾರದ ಬಸ್ಸನ್ನು ನಂಬುವ ಮೊದಲು ನಿಲ್ದಾಣದಲ್ಲಿ ವಿಚಾರಿಸಿ. ರೈಲಿನಲ್ಲಿ ಹೋಗುವುದಾದರೆ ಅದು ಮಂಗಳೂರು ಸೆಂಟ್ರಲ್‌ಗೋ ಜಂಕ್ಷನ್‌ಗೋ ಎಂದು ತಿಳಿದುಕೊಳ್ಳಿ. ಎರಡೂ ಒಂದೇ ಅಲ್ಲ; ತಪ್ಪಿ ಇಳಿದರೆ ರಿಕ್ಷಾಕ್ಕೆ ಓಡಬೇಕಾದೀತು.