ನಾವುಣ್ಣುವ ಧಾನ್ಯ ಮತ್ತು ಭಾರಲೋಹಗಳು

ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಪದಾರ್ಥವನ್ನು ಅಲ್ಲಿ ಬಿಟ್ಟುಬರಬೇಕೆಂಬ ಸಂಪ್ರದಾಯ ನಮ್ಮ ಅನೇಕ ಮನೆಗಳಲ್ಲಿದೆ. ಕೆಲವು ವರ್ಷಗಳ ಹಿಂದೆ ತೀರ್ಥರೂಪರ ಪಿಂಡಪ್ರದಾನಕ್ಕೆಂದು ತಾಯಿಯವರೊಡನೆ ದಶಾಶ್ವಮೇಧ ಘಾಟಿಗೆ ಹೋಗಿದ್ದೆ. ತಾಯಿಯವರು ಹಲಸಿನ ಹಣ್ಣನ್ನು ಬಿಟ್ಟರು. “ನೀನೇನು ಬಿಡುತ್ತೀಯಪ್ಪಾ?” ಎಂದು ಕೇಳಿದರು. ಹಣ್ಣನ್ನೋ ಕಾಯಿಪಲ್ಯವನ್ನೋ ಬಿಡಬಹುದು. ಅನ್ನವನ್ನು ಬಿಡಲು ಯಾರಿಂದ ಸಾಧ್ಯ? ಆ ಅನ್ನದ ಬಗೆಗೇ ಈ ನಾಲ್ಕು ಮಾತು. ನಾನು ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ದುಡಿಯುವವನು, ವೈದ್ಯನಲ್ಲ. ಓದಿ ತಿಳಿದುದನ್ನು ಕೋಲ್ಕತಾದ ನಮ್ಮ ಕನ್ನಡ ಬಂಧುಗಳ ಮುಂದಿಡುತ್ತಿದ್ದೇನೆ.

ಸೀಸ, ಕ್ಯಾಡ್ಮಿಯಂ, ಪಾದರಸ, ನಿಕ್ಕೆಲ್ ಇವು ಭಾರಲೋಹಗಳು. ಆರ್ಸೆನಿಕ್ ಅಥವಾ ಪಾಷಾಣವು ಪೂರ್ಣವಾಗಿ ಲೋಹವಲ್ಲದಿದ್ದರೂ ಅದರ ದುಷ್ಪರಿಣಾಮಗಳಿಂದಾಗಿ ಇದೇ ಪಂಕ್ತಿಯಲ್ಲಿ ಎಣಿಸಲ್ಪಡುತ್ತದೆ. ಕಾರ್ಖಾನೆಗಳ ತ್ಯಾಜ್ಯ, ನಗರದ ಕೊಳಚೆ, ಕೆಲವು ರಾಸಾಯನಿಕ ಗೊಬ್ಬರಗಳು ಹಾಗೂ ಭೂಗರ್ಭದ ನೀರಿನ ಮೂಲಕ ಇವು ಹೊಲವನ್ನು ಸೇರಿ, ಬೇರಿನಿಂದ ಕಾಳಿಗೆ ಏರುತ್ತವೆ.

ದಶಾಶ್ವಮೇಧದಿಂದ ಕೆಲವೇ ಮೈಲಿಗಳ ದೂರದಲ್ಲಿ, ವರುಣಾ ನದಿಯ ಆಚೆಗೆ, ದೀನಾಪುರವಿದೆ. 1986ರಲ್ಲಿ ಆರಂಭವಾದ ಗಂಗಾ ಕ್ರಿಯಾ ಯೋಜನೆಯಡಿ ನಗರದ ಕೊಳಚೆಯನ್ನು ಶುದ್ಧೀಕರಿಸುವ ಸ್ಥಾವರವೊಂದು ಅಲ್ಲಿ ನಿರ್ಮಾಣವಾಯಿತು. ಅದರಿಂದ ಹೊರಬರುವ ನೀರು ಸುತ್ತಲಿನ ಹೊಲಗಳಿಗೆ ಹರಿಯುತ್ತದೆ. ಇಂತಹ ಸ್ಥಾವರಗಳ ಮುಖ್ಯ ಉದ್ದೇಶ ಕೊಳೆಯುವ ಕಶ್ಮಲಗಳನ್ನು ತೆಗೆಯುವುದು. ಕರಗಿದ ಲೋಹಗಳನ್ನು ಅವು ಪೂರ್ತಿಯಾಗಿ ತೆಗೆಯಲಾರವು. ಕಾಶಿ ಹಿಂದೂ ವಿಶ್ವವಿದ್ಯಾಲಯದ ಸಂಶೋಧಕರು ಕೊಳಚೆ ನೀರು ಹರಿಯುವ ಇಂತಹ ಹೊಲಗಳ ಬೆಳೆಯನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ವರದಿಯಂತೆ, ಅಲ್ಲಿನ ತರಕಾರಿ ಮತ್ತು ಧಾನ್ಯಗಳಲ್ಲಿ ಕ್ಯಾಡ್ಮಿಯಂ, ಸೀಸ, ನಿಕ್ಕೆಲ್‌ಗಳು ಸುರಕ್ಷಿತ ಮಿತಿಯನ್ನು ಮೀರಿದ್ದವು. ಅಕ್ಕಿ ಗೋಧಿಗಳಲ್ಲಿ ಲೋಹಾಂಶ ತರಕಾರಿಗಿಂತ ಕಡಿಮೆಯೇ ಇತ್ತು. ಆದರೆ ಅಪಾಯ ಧಾನ್ಯದಿಂದಲೇ ಹೆಚ್ಚು ಎಂದು ಅವರು ಕಂಡುಕೊಂಡರು. ಕಾರಣ ಸ್ಪಷ್ಟ: ಸೊಪ್ಪನ್ನು ಹಿಡಿಯಷ್ಟು ತಿನ್ನುತ್ತೇವೆ, ಅನ್ನ ರೊಟ್ಟಿಗಳನ್ನು ದಿನವೂ ಹೊಟ್ಟೆತುಂಬ ಉಣ್ಣುತ್ತೇವೆ. ಬಡ್ಡಿಯ ದರ ಅಲ್ಪವಾದರೂ ಅಸಲು ದೊಡ್ಡದಾದರೆ ಮೊತ್ತ ಬೆಳೆಯುವುದನ್ನು ಬ್ಯಾಂಕಿನವರಿಗೆ ಹೇಳಬೇಕಾಗಿಲ್ಲ.

ಈ ಜಮೆ ಸುಲಭವಾಗಿ ಖರ್ಚಾಗುವಂಥದೂ ಅಲ್ಲ. ಮೂತ್ರಪಿಂಡವನ್ನು ಸೇರಿದ ಕ್ಯಾಡ್ಮಿಯಂ ಅರ್ಧಕ್ಕೆ ಇಳಿಯಲು 10ರಿಂದ 30 ವರ್ಷಗಳು ಬೇಕು. ಜಪಾನಿನ ಜಿಂಜು ನದಿಯ ದಂಡೆಯಲ್ಲಿ, ಗಣಿಯ ಕ್ಯಾಡ್ಮಿಯಂ ಬೆರೆತ ನೀರಿನಿಂದ ಬೆಳೆದ ಅಕ್ಕಿಯನ್ನುಂಡವರಲ್ಲಿ, ಅದರಲ್ಲೂ ವಯಸ್ಸಾದ ಮಹಿಳೆಯರಲ್ಲಿ, ಮೂಳೆಗಳು ಮೆದುವಾಗಿ ಮುರಿಯತೊಡಗಿದವು. ಆ ಕಾಯಿಲೆಗೆ ‘ಇತಾಯ್-ಇತಾಯ್’, ಅಂದರೆ ‘ನೋವು, ನೋವು’ ಎಂದೇ ಹೆಸರಾಯಿತು. ಅದಕ್ಕೆ ಕ್ಯಾಡ್ಮಿಯಂ ಕಾರಣವೆಂದು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ; ಇಷ್ಟು ಸೀಸದಿಂದ ಬಾಧೆಯಿಲ್ಲವೆಂಬ ಮಟ್ಟವೇ ಇಲ್ಲ. ಆರ್ಸೆನಿಕ್ ದೀರ್ಘಕಾಲ ದೇಹವನ್ನು ಸೇರಿದರೆ ಚರ್ಮದ ವಿಕಾರ, ಹೃದ್ರೋಗ ಹಾಗೂ ಕ್ಯಾನ್ಸರ್ ಉಂಟಾಗಬಹುದು.

ಆರ್ಸೆನಿಕ್ ನಮ್ಮ ನೆರೆಮನೆಯ ಸಂಗತಿ. ಪಶ್ಚಿಮ ಬಂಗಾಳದಲ್ಲಿ ಅದರ ಬಾಧೆಗೊಳಗಾದ ರೋಗಿಗಳನ್ನು 1983ರಲ್ಲಿ ಗುರುತಿಸಿದವರು ಇದೇ ಊರಿನ ಉಷ್ಣವಲಯ ವೈದ್ಯ ಸಂಸ್ಥೆಯ ಡಾ. ಕೆ. ಸಿ. ಸಾಹಾ. ಮುಂದೆ ಬಿಹಾರದಲ್ಲೂ, ಕಾಶಿಯ ಪೂರ್ವಕ್ಕಿರುವ ಬಲಿಯಾದಲ್ಲೂ ಕೊಳವೆಬಾವಿಗಳಲ್ಲಿ ಅದು ಕಂಡುಬಂದಿತು. ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಗಾಳಿಯಾಡದ ಕಾರಣ ಆರ್ಸೆನಿಕ್ ಕರಗಿ ಭತ್ತದ ಬೇರಿಗೆ ಸುಲಭವಾಗಿ ದೊರೆಯುತ್ತದೆ. ಅಂತರರಾಷ್ಟ್ರೀಯ ಆಹಾರ ಸಂಹಿತೆಯು 2014ರಲ್ಲಿ ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಿರವಯವ ಆರ್ಸೆನಿಕ್ ಕಿಲೋಗೆ 0.2 ಮಿಲಿಗ್ರಾಂ ಮೀರಬಾರದೆಂದು ನಿಗದಿಪಡಿಸಿತು.

ಹಾಗೆಂದು ಗಾಬರಿಗೊಳ್ಳಬೇಕಾಗಿಲ್ಲ. ಅಕ್ಕಿಯನ್ನು ಚೆನ್ನಾಗಿ ತೊಳೆದು, ಧಾರಾಳ ನೀರಿನಲ್ಲಿ ಬೇಯಿಸಿ ಗಂಜಿ ಬಸಿದರೆ ಅದರ ಆರ್ಸೆನಿಕ್ ಅರ್ಧದವರೆಗೂ ಕಡಿಮೆಯಾಗಬಲ್ಲದು. ಆದರೆ ನೀರು ಶುದ್ಧವಾಗಿರಬೇಕು. ನೀರಿನಲ್ಲೇ ಆರ್ಸೆನಿಕ್ ಇದ್ದರೆ ಅನ್ನ ಅದನ್ನು ಹೀರಿಕೊಳ್ಳುತ್ತದೆ. ಗಂಜಿಯೊಡನೆ ಸ್ವಲ್ಪ ಬಿ ಜೀವಸತ್ವವೂ ಹೋಗುವುದರಿಂದ ಬೇಳೆ, ಸೊಪ್ಪುಗಳನ್ನು ಮರೆಯಬಾರದು. ಕಾಳಿನೊಳಗೆ ಸೇರಿದ ಕ್ಯಾಡ್ಮಿಯಂ ಇಷ್ಟು ಸುಲಭವಾಗಿ ಹೋಗದು. ಆದ್ದರಿಂದ ಒಂದೇ ಧಾನ್ಯವನ್ನು ನೆಚ್ಚದೆ ರಾಗಿ, ಜೋಳ, ಗೋಧಿಗಳನ್ನೂ ಸರದಿಯಲ್ಲಿ ಬಳಸುವುದು ಒಳಿತು. ಕಬ್ಬಿಣ, ಸುಣ್ಣದ ಅಂಶ ಕಡಿಮೆಯಿರುವ ದೇಹ ಈ ಲೋಹಗಳನ್ನು ಹೆಚ್ಚಾಗಿ ಹೀರುವುದರಿಂದ ಮಕ್ಕಳ ಹಾಗೂ ಗರ್ಭಿಣಿಯರ ಪೌಷ್ಟಿಕ ಆಹಾರದ ಕಡೆಗೆ ವಿಶೇಷ ಗಮನವಿರಲಿ. ಕೊಳಚೆಗೆ ಲೋಹ ಸೇರದಂತೆ ತಡೆಯುವುದು, ಮಣ್ಣು ನೀರುಗಳನ್ನು ಪರೀಕ್ಷಿಸುವುದು ಮಾತ್ರ ಸರ್ಕಾರದಿಂದಲೇ ಆಗಬೇಕಾದ ಕೆಲಸ.

ನಮ್ಮ ತಾಯಿಯವರು ಅನ್ನ ಬಸಿಯುತ್ತಿದ್ದಾಗ “ಸತ್ವವೆಲ್ಲ ಚೆಲ್ಲಿಹೋಯಿತು” ಎಂದು ಆಕ್ಷೇಪಿಸಿ ಕುಕ್ಕರ್ ತಂದುಕೊಟ್ಟವನು ನಾನೇ. ಈಗ ನಮ್ಮ ಮನೆಯಲ್ಲಿ ಮತ್ತೆ ಬಸಿದ ಅನ್ನವೇ ಆಗುತ್ತಿದೆ. ಕಾಶಿಯಲ್ಲಿ ಅವರು ಕೇಳಿದ ಪ್ರಶ್ನೆಗೆ ಅಂದು ಉತ್ತರ ಹೊಳೆಯಲಿಲ್ಲ. ಅನ್ನವನ್ನು ಬಿಡಲಾಗದಿದ್ದರೂ ಅದನ್ನು ಬೇಯಿಸುವ ಅವಸರವನ್ನಾದರೂ ಬಿಡಬಹುದಿತ್ತು.