ಇಸವಿ ಇದ್ದಲ್ಲಿ ಮೂರ್ತಿಯಿಲ್ಲ, ಮೂರ್ತಿ ಇದ್ದಲ್ಲಿ ಇಸವಿಯಿಲ್ಲ

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿರುವ ನಮ್ಮ ಮನೆಗೆ ನೆಂಟರು ಬಂದರೆ ಹಂಪಿ ತೋರಿಸದೆ ಕಳಿಸುವ ಹಾಗಿಲ್ಲ. ಅಲ್ಲಿ ಯಾವ ಮೂರ್ತಿಯ ಮುಂದೆ ನಿಂತರೂ ‘ಇದು ಯಾವ ಕಾಲದ್ದು?’ ಎಂಬ ಪ್ರಶ್ನೆ ಬರುತ್ತದೆ. ‘ಕೃಷ್ಣದೇವರಾಯನ ಕಾಲದ್ದು’ ಎಂಬ ಉತ್ತರ ಬಾಯಲ್ಲೇ ಇರುತ್ತದೆ. ರಾಯ ಆಳಿದ್ದು 1509ರಿಂದ 1529ರವರೆಗೆ. ಇನ್ನೂರು ವರ್ಷಗಳ ಕೆತ್ತನೆಯನ್ನೆಲ್ಲ ಆ ಇಪ್ಪತ್ತು ವರ್ಷಗಳ ಲೆಕ್ಕಕ್ಕೆ ಬರೆದುಬಿಟ್ಟಿದ್ದೇವೆ.

ಕಲ್ಲನ್ನೇ ಕೇಳೋಣವೆಂದರೆ ಅದು ತನ್ನ ವಯಸ್ಸು ಹೇಳೀತೇ ಹೊರತು ಉಳಿಯೇಟು ಬಿದ್ದ ದಿನ ಹೇಳದು. ಹಂಪಿಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ! ಮರದ ಮೂರ್ತಿಯೂ ಇದಕ್ಕಿಂತ ಮೇಲೇನಲ್ಲ. ಪಾಲಿನೇಷ್ಯಾದ ರುರುಟು ದ್ವೀಪದ ‘ಆಆ’ ಎಂಬ ದೇವರು ಮರದ್ದು. 1821ರಲ್ಲಿ ಮಿಷನರಿಗಳ ಕೈಸೇರಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಮರವಾದರೆ ಇಂಗಾಲದ ಲೆಕ್ಕ ಹಾಕಬಹುದು. ಅದರಿಂದ ತಿಳಿಯುವುದೂ ಮರ ಬೆಳೆದ ಕಾಲವೇ, ಕೆತ್ತಿದ ವರ್ಷವಲ್ಲ.

ಹಾಗಾಗಿ ಹಂಪಿಯಲ್ಲಿ ಶಾಸನವೇ ಗತಿ. ಲಕ್ಷ್ಮೀನರಸಿಂಹನಿಗೆ ಆ ಭಾಗ್ಯವಿದೆ. ಒಂದೇ ಬಂಡೆಯಲ್ಲಿ ಕಡೆದ 6.7 ಮೀಟರ್ ಎತ್ತರದ ಈ ಮೂರ್ತಿಯನ್ನು 1528ರಲ್ಲಿ ಆರ್ಯ ಕೃಷ್ಣಭಟ್ಟರು ಪ್ರತಿಷ್ಠಾಪಿಸಿದರೆಂದು ಬರಹ ಹೇಳುತ್ತದೆ. ಲಕ್ಷ್ಮಿ ಒಡೆದುಹೋಗಿದ್ದಾಳೆ, ಬೆನ್ನು ಬಳಸಿದ ಅವಳ ಕೈ ಮಾತ್ರ ಉಳಿದಿದೆ. ಮೊಣಕಾಲಿಗೆ ಕಟ್ಟಿದ ಯೋಗಪಟ್ಟಿಯನ್ನು 1980ರ ದಶಕದಲ್ಲಿ ಹೊಸದಾಗಿ ಕೂರಿಸಿದ್ದು. ಅಂದರೆ ಇಸವಿ ಗೊತ್ತಿರುವ ಮೂರ್ತಿಯಲ್ಲೂ ಎಲ್ಲ ಭಾಗಕ್ಕೂ ಒಂದೇ ವಯಸ್ಸಲ್ಲ. ಬೇರೆ ಮೂರ್ತಿಯನ್ನು ಇದರ ಪಕ್ಕಕ್ಕಿಟ್ಟು ಹೋಲಿಸುವವರು ಆ ಪಟ್ಟಿಯನ್ನು ಬಿಟ್ಟೇ ನೋಡಬೇಕು.

ಸಾಸಿವೆಕಾಳು ಗಣಪನದು ಇನ್ನೊಂದು ತೊಡಕು. ಸಾಳುವ ಇಮ್ಮಡಿ ನರಸಿಂಹನ ನೆನಪಿಗೆ ಚಂದ್ರಗಿರಿಯ ವ್ಯಾಪಾರಿಯೊಬ್ಬ 1506ರಲ್ಲಿ ಮಂಟಪ ಕಟ್ಟಿಸಿದನೆಂಬ ಶಾಸನ ಅಲ್ಲಿದೆ. ಮಂಟಪದ ಇಸವಿಯನ್ನೇ ಗಣಪನಿಗೂ ಅಂಟಿಸುವುದು ರೂಢಿ. ಮೂರ್ತಿ ಮೊದಲೇ ಇದ್ದು ಮಾಡು ಆಮೇಲೆ ಬಂದಿರಬಾರದೇಕೆ?

ಹೊಸಪೇಟೆಯಿಂದ ಹಂಪಿಗೆ ಹೋಗುವಾಗ ಸಿಗುವ ಅನಂತಶಯನಗುಡಿಯದು ಇದಕ್ಕೆ ತಿರುವುಮುರುವು. 1524ರ ಶಾಸನವಿದೆ, ಮಲಗಿದ ವಿಷ್ಣುವಿಗೆಂದೇ ಮಾಡಿದ ಉದ್ದನೆಯ ಪೀಠವಿದೆ, ವಿಷ್ಣುವಿಲ್ಲ. ಹೇಮಕೂಟದ ಪಕ್ಕದ ಕಡಲೆಕಾಳು ಗಣಪನೋ ನಾಲ್ಕೂವರೆ ಮೀಟರ್ ಎತ್ತರಕ್ಕೆ ಕೂತಿದ್ದಾನೆ, ಇಸವಿಯಿಲ್ಲ. ಅವನ ಕಾಲ ಹೇಳಬೇಕೆಂದರೆ ಮುಂದಿನ ಮಂಟಪದ ಸಪೂರ ಕಂಬಗಳನ್ನು 1515ರಲ್ಲಿ ಬಾಲಕೃಷ್ಣನನ್ನು ಪ್ರತಿಷ್ಠಾಪಿಸಿದ ಕೃಷ್ಣ ದೇಗುಲದ ಕಂಬಗಳೊಂದಿಗೆ ತಾಳೆ ನೋಡಬೇಕು. ಹಾಗೆ ನೋಡಿದರೂ ಸಿಗುವುದು ಕಂಬದ ಕಾಲವೇ.